ಕ್ಲಫ್ ಕಥೆಯಲ್ಲಿ ಎಲ್ಲರೂ ಹಾರಿಸುವ ಮೂರು ವರ್ಷ

ಪ್ರಶ್ನೆ: ನನ್ನ ತಮ್ಮನಿಗೆ 22 ವರ್ಷ. ಬೆಂಗಳೂರಿನಲ್ಲಿ ಲೀಗ್ ಆಡುತ್ತಿದ್ದ, ಸ್ಟ್ರೈಕರ್. ಎರಡು ವರ್ಷದ ಹಿಂದೆ ಮಂಡಿಯ ಎಸಿಎಲ್ (ಮಂಡಿಯ ಮೂಳೆಗಳನ್ನು ಹಿಡಿದಿಡುವ ಒಂದು ಲಿಗಮೆಂಟು) ಹರಿದು ಆಪರೇಷನ್ ಆಯಿತು. ವಾಪಸ್ ಬಂದು ಆಡಿದ, ಅದೇ ಮಂಡಿ ಮತ್ತೆ ಹೋಯಿತು. ಡಾಕ್ಟರು ಇನ್ನು ಆಟ ಬೇಡ ಅಂದಿದ್ದಾರೆ. ಆರು ತಿಂಗಳಿಂದ ಮನೆಯಲ್ಲೇ ಇದ್ದಾನೆ. ಈಗ ಕೋಚಿಂಗ್‌ಗೆ ಹೋಗ್ತೀನಿ ಅಂತಿದ್ದಾನೆ. ಅವನ ಸ್ನೇಹಿತರೆಲ್ಲ ಇಂಗ್ಲೆಂಡಿನ ಬ್ರಯಾನ್ ಕ್ಲಫ್ ಉದಾಹರಣೆ ಕೊಡುತ್ತಾರೆ. ಗಾಯ ಆಗಿದ್ದಕ್ಕೇ ಅವನು ಅಷ್ಟು ದೊಡ್ಡ ಮ್ಯಾನೇಜರ್ (ಅಲ್ಲಿ ತಂಡದ ಮುಖ್ಯ ಕೋಚ್) ಆದ ಅಂತ. ಇದು ನಿಜವಾ, ಅಥವಾ ಸಮಾಧಾನಕ್ಕೆ ಹೇಳೋ ಮಾತಾ? ಇನ್ನೊಂದು ಅನುಮಾನ. ದೊಡ್ಡ ಮಟ್ಟದಲ್ಲಿ ಆಡದ ಹುಡುಗನ ಮಾತನ್ನು ಆಟಗಾರರು ಕೇಳ್ತಾರಾ?
– ಒಬ್ಬ ಅಕ್ಕ, ಮೈಸೂರು

ಉತ್ತರ: ಮೊದಲು ಚಿಕ್ಕದಾಗಿ ಹೇಳಿಬಿಡುತ್ತೇನೆ. ಗಾಯ ಕ್ಲಫ್‌ನನ್ನು ಮ್ಯಾನೇಜರ್ ಮಾಡಲಿಲ್ಲ. ಗಾಯ ಅವನನ್ನು ಕುಡುಕನಾಗುವ ದಾರಿಗೆ ತಂದಿತು. ಮ್ಯಾನೇಜರ್ ಆಗಿದ್ದು ಬೇರೆ ಕಾರಣಗಳಿಂದ. ಆ ಕಾರಣಗಳು ನಿಮ್ಮ ತಮ್ಮನಿಗೂ ಸಿಗಬಹುದು, ಅದಕ್ಕೇ ಸ್ವಲ್ಪ ಉದ್ದವಾಗಿ ಬರೆಯುತ್ತಿದ್ದೇನೆ.

ಈ ಕಥೆಯನ್ನು ಎಲ್ಲರೂ ಒಂದೇ ಥರ ಹೇಳುತ್ತಾರೆ. ಮಂಡಿ ಹೋಯಿತು, ಕಟ್ ಮಾಡಿದರೆ ಕೈಯಲ್ಲಿ ಯುರೋಪಿಯನ್ ಕಪ್ (ಈಗಿನ ಚಾಂಪಿಯನ್ಸ್ ಲೀಗ್). ನಮ್ಮ ಸಿನಿಮಾಗಳಲ್ಲಿ ಹುಡುಗ ಓಡುತ್ತಾ ಓಡುತ್ತಾ ಒಂದೇ ಹಾಡಿನಲ್ಲಿ ಹೀರೋ ಆಗಿಬಿಡುತ್ತಾನಲ್ಲ, ಹಾಗೆ. ಮಂಡಿ ಹೋಗಿದ್ದು 1962ರ ಡಿಸೆಂಬರ್‌ನಲ್ಲಿ. ಮೊದಲ ಮ್ಯಾನೇಜರ್ ಕೆಲಸ ಸಿಕ್ಕಿದ್ದು 1965ರ ಅಕ್ಟೋಬರ್‌ನಲ್ಲಿ. ನಡುವಿನ ಸುಮಾರು ಮೂರು ವರ್ಷದ ಮಾತು ಯಾರೂ ಎತ್ತುವುದಿಲ್ಲ. ನಿಮ್ಮ ತಮ್ಮ ಈಗ ಇರುವುದು ಆ ಮೂರು ವರ್ಷದ ಒಳಗೆ.

ಮೊದಲು ಅವನು ಎಂಥ ಆಟಗಾರ ಅಂತ ಗೊತ್ತಿರಬೇಕು. ಇಲ್ಲದಿದ್ದರೆ ಕಳೆದುಕೊಂಡಿದ್ದರ ಅಳತೆ ಸಿಗುವುದಿಲ್ಲ. ಇಂಗ್ಲೆಂಡಿನ ಈಶಾನ್ಯದಲ್ಲಿ ಮಿಡಲ್ಸ್‌ಬರೋ ಅಂತ ಊರು, ಕಬ್ಬಿಣ ಉಕ್ಕಿನ ಕಾರ್ಖಾನೆಗಳ ಊರು. ಅಲ್ಲಿ 1935ರಲ್ಲಿ ಹುಟ್ಟಿದ. ಊರಿನ ತಂಡಕ್ಕೇ ಆಡಿದ. 213 ಲೀಗ್ ಪಂದ್ಯಗಳಲ್ಲಿ 197 ಗೋಲು. ಆಮೇಲೆ ಪಕ್ಕದ ಸಂಡರ್‌ಲ್ಯಾಂಡ್‌ಗೆ ಹೋಗಿ 61 ಪಂದ್ಯದಲ್ಲಿ 54. ಒಟ್ಟು 274ಕ್ಕೆ 251. ಅದು ಎರಡನೇ ಡಿವಿಷನ್, ಮೇಲಿನಿಂದ ಎರಡನೇ ಹಂತದ ಲೀಗ್ ಅಷ್ಟೇ ಅಂತ ಮೂಗು ಮುರಿಯುವವರಿದ್ದಾರೆ. ಮುರಿಯಲಿ. ಯಾವ ಡಿವಿಷನ್ನಿನಲ್ಲಾದರೂ ಪಂದ್ಯಕ್ಕೆ ಹತ್ತಿರ ಹತ್ತಿರ ಒಂದು ಗೋಲು ಹೊಡೆಯುವುದು ಸುಮ್ನೆ ಮಾತಲ್ಲ. ಇಂಗ್ಲೆಂಡ್ ತಂಡಕ್ಕೆ ಮಾತ್ರ ಎರಡೇ ಪಂದ್ಯ ಸಿಕ್ಕಿತು, ಎರಡೂ 1959ರ ಅಕ್ಟೋಬರ್‌ನಲ್ಲಿ. ಅದಕ್ಕೆ ಅವನ ಬಾಯಿಯೂ ಕಾರಣ ಇರಬಹುದು. ಮಿಡಲ್ಸ್‌ಬರೋದಲ್ಲಿ ಇವನು ಕ್ಯಾಪ್ಟನ್ ಆಗಿದ್ದಾಗ ಜೊತೆಯ ಆಟಗಾರರೇ ಇವನನ್ನು ತೆಗೆಯಿರಿ ಅಂತ ಸಹಿ ಹಾಕಿ ಅರ್ಜಿ ಕೊಟ್ಟಿದ್ದರು. ಇಪ್ಪತ್ತು ಪಾಸ್ ಕೊಟ್ಟವನನ್ನೂ ಇಪ್ಪತ್ತೊಂದನೆಯದಕ್ಕೆ ಬೈಯುವ ಜಾತಿ.

1962ರ ಡಿಸೆಂಬರ್ 26. ಕ್ರಿಸ್ಮಸ್ ಮಾರನೇ ದಿನ, ಅಲ್ಲಿ ಫುಟ್‌ಬಾಲ್‌ಗೆ ಹಬ್ಬದ ದಿನ. ಸಂಡರ್‌ಲ್ಯಾಂಡಿನ ರೋಕರ್ ಪಾರ್ಕ್ ಮೈದಾನ, ಎದುರಾಳಿ ಬರಿ ಎಂಬ ತಂಡ. ನೆಲ ಚಳಿಗೆ ಗಟ್ಟಿಯಾಗಿತ್ತು. ಮುಂದೆ ಬಿದ್ದ ಚೆಂಡಿನ ಹಿಂದೆ ಕ್ಲಫ್ ಓಡಿದ. ಬರಿ ಗೋಲ್‌ಕೀಪರ್ ಕ್ರಿಸ್ ಹಾರ್ಕರ್ ಎದುರಿಂದ ಬಂದು ಚೆಂಡಿಗೆ ಬಿದ್ದ. ಅವನ ಭುಜ ಕ್ಲಫ್‌ನ ಮಂಡಿಗೆ ಹೊಡೆಯಿತು. ಒಳಬದಿಯ ಲಿಗಮೆಂಟು, ಕ್ರೂಸಿಯೇಟ್ ಲಿಗಮೆಂಟು ಎರಡೂ ಹೋದವು. ಆಗ ಅವನಿಗೆ 27.

ಬರಿ ತಂಡದ ಬಾಬ್ ಸ್ಟೊಕೊ ಎಂಬುವನು ರೆಫರಿಗೆ, ಇವನು ನಾಟಕ ಆಡ್ತಿದ್ದಾನೆ ಅನ್ನುವ ಅರ್ಥದಲ್ಲಿ ಏನೋ ಹೇಳಿದ. ನೆಲದ ಮೇಲೆ ಬಿದ್ದಿದ್ದ ಕ್ಲಫ್‌ಗೆ ಅದು ಕೇಳಿಸಿತು. ಕ್ಲಫ್ ಆ ಮಾತನ್ನು ಸಾಯುವ ತನಕ ಮರೆಯಲಿಲ್ಲ. ಮಂಡಿಗೆ ಹೊಡೆದ ಹಾರ್ಕರ್ ಮೇಲೆ ಅವನಿಗೆ ಅಂಥ ಸಿಟ್ಟಿರಲಿಲ್ಲ, ಚೆಂಡಿಗೆ ಬಿದ್ದವನು ಅದು ಅವನ ಕೆಲಸ. ಆದರೆ ಆ ಒಂದು ಮಾತಿಗೆ ಕ್ಷಮೆ ಇರಲಿಲ್ಲ. ನಿಮ್ಮ ತಮ್ಮನಿಗೂ ಇಂಥದ್ದೊಂದು ಮಾತು ಎಲ್ಲೋ ಕಿವಿಯಲ್ಲಿ ಕೂತಿರುತ್ತೆ, ಒಮ್ಮೆ ಕೇಳಿ ನೋಡಿ. ನನ್ನ ಹತ್ತಿರ ಬರುವ ಹುಡುಗರು ಗಾಯ ಆದ ಕ್ಷಣ ಮರೆತಿರುತ್ತಾರೆ, ಆಗ ಯಾರು ಏನಂದರು ಅನ್ನೋದನ್ನ ಮಾತ್ರ ಮರೆತಿರಲ್ಲ.

ಇಂದಿನ ಆಪರೇಷನ್ ಆಗ ಇರಲಿಲ್ಲ ಅನ್ನುವುದನ್ನೂ ನೆನಪಿಡಿ. ಈಗ ಹರಿದ ಎಸಿಎಲ್ ಜಾಗಕ್ಕೆ ತೊಡೆಯ ಹಿಂದಿನ ಅಥವಾ ಮಂಡಿಚಿಪ್ಪಿನ ಕೆಳಗಿನ ಸ್ನಾಯುರಜ್ಜು ತೆಗೆದು ಹೊಸದಾಗಿ ಕೂರಿಸುತ್ತಾರೆ. ಒಂಬತ್ತು ತಿಂಗಳ ಒಳಗೆ ಮೈದಾನಕ್ಕೆ ಇಳಿಯಬೇಡಿ ಅನ್ನುತ್ತಾರೆ. 1962ರಲ್ಲಿ ಹೊಲಿಗೆ ಹಾಕಿ, ಕಾಲಿಗೆ ಪ್ಲಾಸ್ಟರ್ ಸುತ್ತಿ, ದೇವರ ಮೇಲೆ ಭಾರ ಹಾಕುತ್ತಿದ್ದರು. ಕ್ಲಫ್ ತಿಂಗಳುಗಟ್ಟಲೆ ಪ್ಲಾಸ್ಟರ್‌ನಲ್ಲಿದ್ದ. ವಿಚಿತ್ರ ನೋಡಿ, ಅದೇ ಹೊತ್ತಿಗೆ ಇಂಗ್ಲೆಂಡಿನಲ್ಲಿ ಭೀಕರ ಚಳಿ ಶುರುವಾಯಿತು. ಹಿಮ ಬಿದ್ದು ವಾರಗಟ್ಟಲೆ ಲೀಗ್ ಪಂದ್ಯಗಳೇ ನಡೆಯಲಿಲ್ಲ. ಇಡೀ ದೇಶದ ಆಟ ನಿಂತು ಮತ್ತೆ ಶುರುವಾಯಿತು, ಇವನದ್ದು ಶುರುವಾಗಲಿಲ್ಲ. ಆ ಸೀಸನ್ ಕೊನೆಯಲ್ಲಿ ಅಂಕ ಸಮವಾಗಿದ್ದರೂ ಸಂಡರ್‌ಲ್ಯಾಂಡ್ ಗೋಲ್ ಸರಾಸರಿ ಒಂದರಲ್ಲೇ ಚೆಲ್ಸಿಗಿಂತ ಹಿಂದೆ ಬಿದ್ದು ಮೇಲಿನ ಡಿವಿಷನ್‌ಗೆ ಏರುವ ಅವಕಾಶ ಕಳೆದುಕೊಂಡಿತು. ಕ್ಲಫ್ ಇದ್ದಿದ್ದರೆ ಅಂತ ಅಲ್ಲಿನ ಹಿರಿಯರು ಎಷ್ಟು ಸಲ ಅಂದುಕೊಂಡಿರಬಹುದೋ.

ಆಮೇಲಿನ ತಿಂಗಳುಗಳು ಚೆನ್ನಾಗಿರಲಿಲ್ಲ. ಮೈದಾನದ ಮೆಟ್ಟಿಲುಗಳನ್ನು ಹತ್ತಿ ಇಳಿದು ಮಂಡಿ ಗಟ್ಟಿ ಮಾಡಲು ನೋಡಿದ. ಕುಡಿತ ಜಾಸ್ತಿಯಾಯಿತು. ಎಲ್ಲರ ಮೇಲೂ ರೇಗುತ್ತಿದ್ದ. 1964ರ ಸೆಪ್ಟೆಂಬರ್‌ನಲ್ಲಿ ಹಟ ಹಿಡಿದು ವಾಪಸ್ ಬಂದ. ಆ ಹೊತ್ತಿಗೆ ಸಂಡರ್‌ಲ್ಯಾಂಡ್ ಮೊದಲ ಡಿವಿಷನ್‌ಗೆ ಏರಿತ್ತು. ಮೂರು ಪಂದ್ಯ ಆಡಿದ, ಲೀಡ್ಸ್ ಮೇಲೆ ಒಂದು ಗೋಲು ಹೊಡೆದ. ಮೊದಲ ಡಿವಿಷನ್‌ನಲ್ಲಿ ಅವನ ಹೆಸರಿಗೆ ಇರುವುದು ಅದೊಂದೇ ಗೋಲು. ಮಂಡಿ ಹಳೆಯ ಮಂಡಿಯಾಗಿರಲಿಲ್ಲ. ಅಲ್ಲಿಗೆ ಮುಗಿಯಿತು, 29ನೇ ವಯಸ್ಸಿಗೆ.

ಇಲ್ಲಿ ಸ್ವಲ್ಪ ನಿಧಾನ ಮಾಡೋಣ, ನಿಮ್ಮ ಪ್ರಶ್ನೆಗೆ ಉತ್ತರ ಇರುವುದೇ ಇಲ್ಲಿ.

ಸಂಡರ್‌ಲ್ಯಾಂಡ್‌ಗೆ ಆಗ ಜಾರ್ಜ್ ಹಾರ್ಡ್‌ವಿಕ್ ಮ್ಯಾನೇಜರ್ ಆಗಿ ಬಂದ. ಹಿಂದೆ ಇಂಗ್ಲೆಂಡ್ ಕ್ಯಾಪ್ಟನ್ ಆಗಿದ್ದವನು, ಮಿಡಲ್ಸ್‌ಬರೋದ ಹಳೆಯ ಆಟಗಾರ. ಅವನಿಗೆ ಈ ಕ್ಲಫ್ ಕಾಣಿಸಿದ. ಕೆಲಸ ಇಲ್ಲ, ಸಿಟ್ಟು ತುಂಬಿದೆ, ಕ್ಲಬ್ಬಿನ ಸುತ್ತ ಸುಳಿಯುತ್ತಾನೆ. ಹಾರ್ಡ್‌ವಿಕ್ ಹೇಳಿದ್ದು ಇಷ್ಟೇ, ಹುಡುಗರ ತಂಡ ನೋಡಿಕೋ. ದೊಡ್ಡ ಹುದ್ದೆಯಲ್ಲ. ಕ್ಲಫ್ ಆ ಹುಡುಗರನ್ನು ಮೈದಾನದ ಸುತ್ತ ಸುಮ್ಮನೆ ಓಡಿಸುವುದನ್ನು ನಿಲ್ಲಿಸಿ ಚೆಂಡು ಕೊಟ್ಟ. ಚಿಕ್ಕ ಚಿಕ್ಕ ತಂಡ ಮಾಡಿ ಆಡಿಸಿದ. ಗೋಲಿನ ಎದುರು ಹೇಗೆ ನಿಲ್ಲಬೇಕು ಅನ್ನುವುದು ಅವನ ಮೈಯಲ್ಲೇ ಇತ್ತು. ಅದನ್ನು ಮೊದಲ ಸಲ ಬಾಯಲ್ಲಿ ಹೇಳಬೇಕಾಗಿ ಬಂತು. ಆಡುವವನಿಗೆ ಇದು ಬಹಳ ಕಷ್ಟ. ನೀವು ಇಪ್ಪತ್ತು ವರ್ಷ ಅಡುಗೆ ಮಾಡಿರಿ, ಉಪ್ಪು ಎಷ್ಟು ಹಾಕಬೇಕು ಅಂತ ಇನ್ನೊಬ್ಬರು ಕೇಳಿದರೆ 'ನೋಡ್ಕೊಂಡು ಹಾಕು' ಅನ್ನುತ್ತೀರಿ, ಅಲ್ವಾ? ಆ 'ನೋಡ್ಕೊಂಡು' ಅಂದರೆ ಏನು ಅಂತ ಬಿಡಿಸಿ ಹೇಳುವುದೇ ಕೋಚಿಂಗ್.

ಅವನು ಕೋಚಿಂಗ್ ಪರೀಕ್ಷೆಯನ್ನೂ ಬರೆದು ಪಾಸಾದ. ಇದನ್ನೂ ಕಥೆ ಹೇಳುವವರು ಬಿಡುತ್ತಾರೆ. ಮುಂದೆ ಜೀವನವಿಡೀ ಫುಟ್‌ಬಾಲ್ ಸಂಸ್ಥೆಯ ದೊಡ್ಡವರನ್ನು ಬೈದುಕೊಂಡೇ ಇದ್ದ, ಆದರೆ ಅವರ ಸರ್ಟಿಫಿಕೇಟು ಮೊದಲೇ ತೆಗೆದುಕೊಂಡಿದ್ದ. 1965ರಲ್ಲಿ ಹಾರ್ಡ್‌ವಿಕ್ ಕೆಲಸ ಹೋಯಿತು, ಜೊತೆಗೆ ಇವನದ್ದೂ ಹೋಯಿತು. ಮತ್ತೆ ಬೀದಿ.

ಆ ಅಕ್ಟೋಬರ್‌ನಲ್ಲಿ ಹಾರ್ಟ್ಲ್‌ಪೂಲ್ಸ್ ಯುನೈಟೆಡ್ ಕರೆಯಿತು. ನಾಲ್ಕನೇ ಡಿವಿಷನ್, ಅದರಲ್ಲೂ ತಳದ ತಂಡ. ಕಾಸಿಲ್ಲ, ಮೈದಾನದ ಚಾವಣಿ ಸೋರುತ್ತದೆ. 30 ವರ್ಷದ ಕ್ಲಫ್, ಆಗ ಲೀಗಿನಲ್ಲೇ ಅತಿ ಚಿಕ್ಕ ವಯಸ್ಸಿನ ಮ್ಯಾನೇಜರ್, ಕೆಲಸ ಒಪ್ಪುವ ಮುಂಚೆ ಒಬ್ಬನಿಗೆ ಫೋನ್ ಮಾಡಿದ. ಆ ಫೋನಿನಲ್ಲಿ ಅರ್ಧ ಕಥೆ ಇದೆ.

ಆ ಕಡೆ ಇದ್ದವನು ಪೀಟರ್ ಟೇಲರ್. ಮಿಡಲ್ಸ್‌ಬರೋದಲ್ಲಿ ಕ್ಲಫ್ ಜೊತೆಗಿದ್ದ ಗೋಲ್‌ಕೀಪರ್. 1955ರಲ್ಲಿ ಟೇಲರ್ ಆ ಕ್ಲಬ್‌ಗೆ ಬಂದಾಗ ಕ್ಲಫ್ ಸ್ಟ್ರೈಕರ್‌ಗಳ ಸಾಲಿನಲ್ಲಿ ನಾಲ್ಕನೆಯವನೋ ಐದನೆಯವನೋ ಆಗಿದ್ದ. ಈ ಹುಡುಗ ಎಲ್ಲರಿಗಿಂತ ಚೆನ್ನಾಗಿದ್ದಾನೆ ಅಂತ ಮೊದಲು ಕಂಡವನು, ಸಿಕ್ಕಸಿಕ್ಕವರಿಗೆ ಹೇಳಿಕೊಂಡು ಬಂದವನು ಟೇಲರ್. ಇಬ್ಬರೂ ಬಸ್ಸಿನಲ್ಲಿ, ಮನೆಯಲ್ಲಿ, ಎಲ್ಲೇ ಸಿಕ್ಕರೂ ಫುಟ್‌ಬಾಲ್ ಮಾತೇ. ಟೇಬಲ್ ಮೇಲೆ ಉಪ್ಪಿನ ಡಬ್ಬಿ, ಮೆಣಸಿನ ಡಬ್ಬಿ ಇಟ್ಟುಕೊಂಡು ಆಟ ಬಿಡಿಸುವ ಜನ ಇರುತ್ತಾರಲ್ಲ, ಹಾಗೆ. ಅಂದರೆ ಮಂಡಿ ಹೋಗುವ ಏಳು ವರ್ಷ ಮೊದಲೇ ಕ್ಲಫ್ ಕೋಚ್ ಥರ ಯೋಚಿಸಲು ಶುರು ಮಾಡಿದ್ದ. ಅದಕ್ಕೇ ನಾನು ಮೊದಲ ಸಾಲಿನಲ್ಲೇ ಹಾಗೆ ಹೇಳಿದ್ದು. ಗಾಯ ಬಾಗಿಲು ತೆರೆಯಲಿಲ್ಲ, ಬಾಗಿಲು ಮೊದಲೇ ತೆರೆದಿತ್ತು. ಗಾಯ ಇನ್ನೊಂದು ಬಾಗಿಲು ಮುಚ್ಚಿತು ಅಷ್ಟೇ.

ಟೇಲರ್ ಆಗ ಬರ್ಟನ್ ಆಲ್ಬಿಯನ್‌ನ ಮ್ಯಾನೇಜರ್, ಅಲ್ಲಿ ಒಳ್ಳೆಯ ಸಂಬಳ. ಬಿಟ್ಟು ಬಂದ. ಹಾರ್ಟ್ಲ್‌ಪೂಲ್ಸ್‌ಗೆ ಸಹಾಯಕ ಮ್ಯಾನೇಜರ್‌ಗೆ ಕೊಡಲು ದುಡ್ಡಿರಲಿಲ್ಲ. ಅದಕ್ಕೆ ಕಾಗದದಲ್ಲಿ ಟೇಲರ್ 'ಟ್ರೇನರ್', ಕೈಯಲ್ಲಿ ಬಕೆಟ್ಟು, ಸ್ಪಂಜು. ಕ್ಲಫ್ ದೊಡ್ಡ ಗಾಡಿಯ ಲೈಸೆನ್ಸ್ ತೆಗೆದು ತಂಡದ ಬಸ್ ಓಡಿಸಲು ತಯಾರಾದ. ಊರಿನ ಕಾರ್ಮಿಕರ ಕ್ಲಬ್‌ಗಳಿಗೆ ಹೋಗಿ ಚಂದಾ ಎತ್ತಿದ. ಅಧ್ಯಕ್ಷ ಅರ್ನೆಸ್ಟ್ ಆರ್ಡ್ ಮೊದಲು ಟೇಲರ್‌ನನ್ನು, ಆಮೇಲೆ ಕ್ಲಫ್‌ನನ್ನೂ ತೆಗೆಯಲು ಹೊರಟ. ಕೊನೆಗೆ ಆಡಳಿತ ಮಂಡಳಿ ಇವರ ಕಡೆ ನಿಂತು ಅಧ್ಯಕ್ಷನೇ ಹೋಗಬೇಕಾಯಿತು. ಮೊದಲ ಸೀಸನ್ 18ನೇ ಸ್ಥಾನ, ಮುಂದಿನದು 8. ಓದಿದರೆ ಏನೂ ಅನ್ನಿಸಲ್ಲ. ಆದರೆ ಅಲ್ಲಿ 16 ವರ್ಷದ ಒಬ್ಬ ಹುಡುಗನನ್ನು ಹಿಡಿದಿದ್ದರು, ಜಾನ್ ಮೆಕ್‌ಗವರ್ನ್. ಅವನ ಓಟ ವಿಚಿತ್ರ, ನೋಡಿದವರು ನಗುತ್ತಿದ್ದರು. ಹದಿನೈದು ವರ್ಷದೊಳಗೆ ಅವನೇ ಕ್ಯಾಪ್ಟನ್ ಆಗಿ ಎರಡು ಸಲ ಯುರೋಪಿಯನ್ ಕಪ್ ಎತ್ತಿದ. ಕ್ಲಫ್ ಮುಂದೆ ಡರ್ಬಿಗೆ, ಲೀಡ್ಸ್‌ಗೆ, ನಾಟಿಂಗ್‌ಹ್ಯಾಮ್ ಫಾರೆಸ್ಟ್‌ಗೆ ಅವನನ್ನೂ ಕರೆದುಕೊಂಡು ಹೋದ.

1967ರಲ್ಲಿ ಇಬ್ಬರೂ ಡರ್ಬಿ ಕೌಂಟಿಗೆ ಹೋದರು. ಮೊದಲ ಸೀಸನ್ನಿನಲ್ಲಿ ತಂಡ ಮೇಲೆ ಹೋಗುವ ಬದಲು ಒಂದು ಸ್ಥಾನ ಕೆಳಗಿಳಿಯಿತು, 17ರಿಂದ 18ಕ್ಕೆ. ಈಗಿನ ಕಾಲವಾಗಿದ್ದರೆ ಕ್ರಿಸ್ಮಸ್‌ಗೇ ಮನೆಗೆ ಕಳಿಸುತ್ತಿದ್ದರು. ಎರಡನೇ ಸೀಸನ್ನಿಗೆ ಎರಡನೇ ಡಿವಿಷನ್ ಗೆದ್ದರು. 1972ರಲ್ಲಿ ಇಂಗ್ಲೆಂಡಿನ ಲೀಗ್ ಚಾಂಪಿಯನ್. ಆ ಕೊನೆಯ ದಿನ ತಮಾಷೆಯಾಗಿದೆ. ಡರ್ಬಿಯ ಪಂದ್ಯಗಳೆಲ್ಲ ಮುಗಿದಿದ್ದವು. ಆಟಗಾರರು ಟೇಲರ್ ಜೊತೆ ಮಯೋರ್ಕಾ ದ್ವೀಪದಲ್ಲಿ ರಜೆಯಲ್ಲಿ. ಕ್ಲಫ್ ಸಂಸಾರ ಸಮೇತ ಇನ್ನೊಂದು ದ್ವೀಪದಲ್ಲಿ. ಲೀಡ್ಸ್ ಸೋತಿತು, ಲಿವರ್‌ಪೂಲ್ ಡ್ರಾ ಮಾಡಿಕೊಂಡಿತು, ಇವರು ಕೂತಲ್ಲೇ ಚಾಂಪಿಯನ್ ಆದರು.

ಡರ್ಬಿಯಲ್ಲಿ ನನಗೆ ಬಹಳ ಇಷ್ಟವಾಗುವ ಒಂದು ಕೆಲಸ ಇದೆ. ನಿಮ್ಮ ತಮ್ಮನಿಗೆ ಹೇಳಿ. 1968ರಲ್ಲಿ ಟಾಟನ್‌ಹ್ಯಾಮ್‌ನ ಡೇವ್ ಮೆಕೆಯನ್ನು ತಂದರು. ಅವನಿಗೆ 33 ವರ್ಷ. ಎಡಗಾಲು ಒಂದೇ ವರ್ಷದೊಳಗೆ ಎರಡು ಸಲ ಮುರಿದು ಸೇರಿತ್ತು. ಮಿಡ್‌ಫೀಲ್ಡ್‌ನಲ್ಲಿ ಅಲೆದಾಡಿ ಆಡುವ ಆಟಗಾರ. ಮುದುಕನನ್ನು ತಂದರು ಅಂತ ಜನ ಅಂದುಕೊಂಡರು. ಕ್ಲಫ್ ಅವನನ್ನು ಹಿಂದೆ, ಡಿಫೆನ್ಸ್‌ನಲ್ಲಿ ನಿಲ್ಲಿಸಿದ. ಓಡಬೇಡ, ನಿಂತು ಎಲ್ಲರಿಗೂ ಹೇಳು ಅಂತ. ಆ ಸೀಸನ್ ಡರ್ಬಿ ಮೇಲೆ ಬಂತು, ಮೆಕೆ ಫುಟ್‌ಬಾಲ್ ಬರಹಗಾರರ ವರ್ಷದ ಆಟಗಾರ ಪ್ರಶಸ್ತಿಯನ್ನು ಇನ್ನೊಬ್ಬನ ಜೊತೆ ಹಂಚಿಕೊಂಡ. ಓಡಲಾಗದ ಕಾಲಿಗೂ ಮೈದಾನದಲ್ಲಿ ಒಂದು ಜಾಗ ಇದೆ ಅಂತ ಕ್ಲಫ್‌ಗೆ ಕಂಡಿದ್ದು ತನ್ನದೇ ಕಾಲಿನಿಂದ ಅಂತ ನಾನು ನಂಬುತ್ತೇನೆ. ಗಾಯ ಅವನಿಗೆ ಕೊಟ್ಟ ಒಂದೇ ಒಳ್ಳೆಯದು ಇದೇ ಇರಬೇಕು. ಹಾಂ, ಇನ್ನೊಂದೂ ಇದೆ, ಸಮಯ. ಅವನ ವಯಸ್ಸಿನ ಬೇರೆ ಆಟಗಾರರು ಇನ್ನೂ ಬೂಟು ಕಟ್ಟುತ್ತಿದ್ದಾಗ ಇವನು ನಾಲ್ಕನೇ ಡಿವಿಷನ್ನಿನಲ್ಲಿ ತಪ್ಪು ಮಾಡಿ ಕಲಿತು ಮುಗಿಸಿದ್ದ. 37ಕ್ಕೆ ಲೀಗ್ ಗೆದ್ದಾಗ ಮ್ಯಾನೇಜರ್ ಆಗಿ ಆರೇಳು ವರ್ಷದ ಅನುಭವ ಆಗಿತ್ತು. ನಿಮ್ಮ ತಮ್ಮನಿಗೆ 22. ಲೆಕ್ಕ ಹಾಕಿ.

ಇನ್ನು ಆಟಗಾರರು ಮಾತು ಕೇಳ್ತಾರಾ ಅನ್ನುವ ಪ್ರಶ್ನೆ. ಇದಕ್ಕೆ ಲೀಡ್ಸ್ ಕಥೆ ಹೇಳಬೇಕು. 1973ರ ಅಕ್ಟೋಬರ್‌ನಲ್ಲಿ ಡರ್ಬಿ ಆಡಳಿತದ ಜೊತೆ ಜಗಳವಾಡಿ ಇಬ್ಬರೂ ರಾಜೀನಾಮೆ ಕೊಟ್ಟರು. ಬ್ರೈಟನ್‌ಗೆ ಹೋದರು. 1974ರ ಜುಲೈನಲ್ಲಿ ಕ್ಲಫ್ ಒಬ್ಬನೇ ಲೀಡ್ಸ್ ಯುನೈಟೆಡ್‌ಗೆ ಹೋದ. ಟೇಲರ್ ಬರಲಿಲ್ಲ, ಬ್ರೈಟನ್‌ನಲ್ಲೇ ಉಳಿದ. ಲೀಡ್ಸ್ ಆಗ ಲೀಗ್ ಚಾಂಪಿಯನ್. ಕ್ಲಫ್ ವರ್ಷಗಳಿಂದ ಟಿವಿಯಲ್ಲಿ ಅವರನ್ನು ಮೋಸಗಾರರು ಅಂತ ಬೈದಿದ್ದ. ಬಂದ ಮೇಲೆ ಅವರ ಮೆಡಲ್‌ಗಳನ್ನು ಕಸದ ಬುಟ್ಟಿಗೆ ಹಾಕಿ ಅಂದ, ಅವು ಸರಿಯಾಗಿ ಗೆದ್ದದ್ದಲ್ಲ ಅಂತ. ಆರು ಲೀಗ್ ಪಂದ್ಯದಲ್ಲಿ ಒಂದೇ ಗೆಲುವು. 44 ದಿನಕ್ಕೆ ಕೆಲಸ ಹೋಯಿತು.

ಇಲ್ಲಿ ಗಮನಿಸಿ. ಲೀಡ್ಸ್‌ಗೆ ಹೋದಾಗ ಕ್ಲಫ್ ಹೆಸರಿಗೆ 251 ಗೋಲು ಇತ್ತು, ಲೀಗ್ ಟ್ರೋಫಿ ಇತ್ತು. ಅವನ ಮಾತು ಕೇಳದಿರಲು ಅವನು ಆಡಿಲ್ಲ ಅನ್ನುವುದು ಕಾರಣವೇ ಅಲ್ಲ. ಮೊದಲ ದಿನವೇ ಅವರ ಮನೆಗೆ ಹೋಗಿ ಅವರನ್ನೇ ಅವಮಾನ ಮಾಡಿದ, ಮತ್ತೆ ಆ ಮಾತನ್ನು ಸರಿಮಾಡುವ ಟೇಲರ್ ಪಕ್ಕದಲ್ಲಿರಲಿಲ್ಲ. ಕ್ಲಫ್ ಬೆಂಕಿ ಹಚ್ಚುತ್ತಿದ್ದ, ಟೇಲರ್ ಮೂಲೆಯಲ್ಲಿ ಆಟಗಾರನನ್ನು ಕೂರಿಸಿಕೊಂಡು ಜೋಕ್ ಹೇಳುತ್ತಿದ್ದ. ಅರ್ಧ ಜೋಡಿ ಹೋದರೆ ಬೆಂಕಿ ಮಾತ್ರ ಉಳಿಯುತ್ತೆ.

ಲೀಡ್ಸ್‌ನಲ್ಲೇ ಇನ್ನೊಂದು ನಡೆಯಿತು. ಅಲ್ಲಿ ಎಡ್ಡಿ ಗ್ರೇ ಅಂತ ಅದ್ಭುತ ವಿಂಗರ್, ಗಾಯಗಳಿಂದ ವರ್ಷಗಟ್ಟಲೆ ಒದ್ದಾಡಿದವನು. ನೀನು ರೇಸ್ ಕುದುರೆ ಆಗಿದ್ದರೆ ಎಂದೋ ಗುಂಡು ಹೊಡೆದಿರುತ್ತಿದ್ದರು ಅನ್ನುವ ಅರ್ಥದ ಮಾತನ್ನು ಕ್ಲಫ್ ಅವನಿಗೆ ಹೇಳಿದ. ಗ್ರೇ ಕ್ಲಫ್‌ಗೆ ಅವನದ್ದೇ ಮಂಡಿಯನ್ನು ನೆನಪಿಸಿದ. ಇದನ್ನು ಓದಿದಾಗಲೆಲ್ಲ ನನಗೆ ಹೊಟ್ಟೆ ಕಿವುಚುತ್ತದೆ. ರೋಕರ್ ಪಾರ್ಕ್‌ನಲ್ಲಿ ಬಿದ್ದಾಗ ಒಬ್ಬ ಆಡಿದ ಮಾತನ್ನು ಜೀವನವಿಡೀ ಕ್ಷಮಿಸದವನು, ಹನ್ನೆರಡು ವರ್ಷದ ಮೇಲೆ ಇನ್ನೊಬ್ಬ ಗಾಯಾಳುವಿಗೆ ಅದಕ್ಕಿಂತ ಕೆಟ್ಟದ್ದನ್ನು ಆಡಿದ. ಗಾಯಗೊಂಡ ಆಟಗಾರರನ್ನು ಅವನು ಕಂಡೂ ಕಾಣದಂತೆ ಇರುತ್ತಿದ್ದ ಅಂತ ಅವನ ಕೈಕೆಳಗೆ ಆಡಿದವರು ಹೇಳುತ್ತಾರೆ. ಬಹುಶಃ ಅವರನ್ನು ನೋಡಲು ಅವನಿಗೆ ಆಗುತ್ತಿರಲಿಲ್ಲ. ಗಾಯ ಮನುಷ್ಯನನ್ನು ಪಕ್ವ ಮಾಡುತ್ತೆ ಅಂತ ಯಾರಾದರೂ ನಿಮ್ಮ ತಮ್ಮನಿಗೆ ಹೇಳಿದರೆ ಈ ಘಟನೆ ಹೇಳಿ.

ನಾಟಿಂಗ್‌ಹ್ಯಾಮ್ ಫಾರೆಸ್ಟ್ ಕಥೆ ಎಲ್ಲರಿಗೂ ಗೊತ್ತು, ಬೇಗ ಹೇಳುತ್ತೇನೆ. 1975ರ ಜನವರಿಯಲ್ಲಿ ಹೋದ, ತಂಡ ಎರಡನೇ ಡಿವಿಷನ್ನಿನ ಮಧ್ಯದಲ್ಲೆಲ್ಲೋ ಇತ್ತು. ಟೇಲರ್ ಇಲ್ಲದೆ ಒಂದೂವರೆ ಸೀಸನ್, 16ನೇ ಸ್ಥಾನ, 8ನೇ ಸ್ಥಾನ. 1976ರಲ್ಲಿ ಟೇಲರ್ ಬಂದ. ಮರುವರ್ಷ ಮೂರನೆಯವರಾಗಿ ಮೇಲೆ ಬಂದರು. ಅದರ ಮರುವರ್ಷ, 1978ರಲ್ಲಿ, ಲೀಗ್ ಚಾಂಪಿಯನ್. 42 ಲೀಗ್ ಪಂದ್ಯ ಸತತವಾಗಿ ಸೋಲಲಿಲ್ಲ. 1979ರಲ್ಲಿ ಮ್ಯೂನಿಕ್‌ನಲ್ಲಿ ಮಾಲ್ಮೊ ವಿರುದ್ಧ 1-0, 1980ರಲ್ಲಿ ಮ್ಯಾಡ್ರಿಡ್‌ನಲ್ಲಿ ಹ್ಯಾಂಬರ್ಗ್ ವಿರುದ್ಧ 1-0, ಎರಡು ಯುರೋಪಿಯನ್ ಕಪ್. ಹೀರೋಗಳು ಯಾರು ನೋಡಿ. ದಪ್ಪಗಿದ್ದ, ಯಾರಿಗೂ ಬೇಡವಾಗಿದ್ದ ಜಾನ್ ರಾಬರ್ಟ್‌ಸನ್. ಅವನನ್ನು ಎಡ ವಿಂಗ್‌ಗೆ ಹಾಕಿದರು, ಮೊದಲ ಫೈನಲ್‌ನಲ್ಲಿ ಗೋಲಿಗೆ ಕ್ರಾಸ್ ಕೊಟ್ಟ, ಎರಡನೆಯದರಲ್ಲಿ ಗೋಲೇ ಹೊಡೆದ. ಸ್ಟ್ರೈಕರ್ ಆಗಿದ್ದ ಕೆನ್ನಿ ಬರ್ನ್ಸ್‌ನನ್ನು ಡಿಫೆಂಡರ್ ಮಾಡಿದರು. ಗ್ಯಾರಿ ಬರ್ಟಲ್ಸ್ ಊರ ಪಕ್ಕದ ಸಣ್ಣ ತಂಡದಿಂದ ಬಂದ ಹುಡುಗ. ಇಂಥವರನ್ನು ಹುಡುಕುವ ಕಣ್ಣು ಹೆಚ್ಚಾಗಿ ಟೇಲರ್‌ದು.

1982ರಲ್ಲಿ ಟೇಲರ್ ಬಿಟ್ಟ. ಮರುವರ್ಷ ರಾಬರ್ಟ್‌ಸನ್‌ನನ್ನು ಕ್ಲಫ್‌ಗೆ ಹೇಳದೆ ಡರ್ಬಿಗೆ ಕರೆದುಕೊಂಡ ಅಂತ ಇಬ್ಬರೂ ಮಾತು ಬಿಟ್ಟರು. 1990ರಲ್ಲಿ ಟೇಲರ್ ಸಾಯುವವರೆಗೂ ಮಾತಾಡಲಿಲ್ಲ. ಕ್ಲಫ್ ಆಮೇಲೂ ಎರಡು ಲೀಗ್ ಕಪ್ ಗೆದ್ದ, ಯುರೋಪಿಯನ್ ಕಪ್ ಮತ್ತೆ ಬರಲಿಲ್ಲ. 1993ರಲ್ಲಿ ತಂಡ ಕೆಳಗಿಳಿಯಿತು, ಅವನು ನಿವೃತ್ತನಾದ. ಮುಖ ಕುಡಿತದಿಂದ ಕೆಂಪಾಗಿತ್ತು. 2003ರಲ್ಲಿ ಲಿವರ್ ಬದಲಾಯಿಸಿದರು, 2004ರ ಸೆಪ್ಟೆಂಬರ್‌ನಲ್ಲಿ ತೀರಿಕೊಂಡ. ಗಾಯ ಆದ ಮೇಲೆ ಜಾಸ್ತಿಯಾದ ಕುಡಿತ ಕೊನೆಯವರೆಗೂ ಜೊತೆಗಿತ್ತು.

'ಅದೆಲ್ಲ ಆ ಕಾಲ, ಅವನೂ ದೊಡ್ಡ ಆಟಗಾರನೇ' ಅಂತ ನಿಮ್ಮ ತಮ್ಮ ಹೇಳಬಹುದು. ಸರಿ, ಈಗಿನವರನ್ನು ನೋಡಿ. ಥಾಮಸ್ ಟೂಹೆಲ್ ಜರ್ಮನಿಯ ಕೆಳಗಿನ ಲೀಗುಗಳಲ್ಲಿ ಆಡುತ್ತಿದ್ದ ಡಿಫೆಂಡರ್. ಮಂಡಿಯ ಮೃದು ಎಲುಬು ಸವೆದು 25ಕ್ಕೆ ಆಟ ಮುಗಿಯಿತು. ಬಾರ್‌ನಲ್ಲಿ ಕೆಲಸ ಮಾಡಿಕೊಂಡು ಓದಿದ. ಉಲ್ಮ್ ತಂಡದಲ್ಲಿ ಅವನ ಕೋಚ್ ಆಗಿದ್ದ ರಾಲ್ಫ್ ರಾಂಗ್ನಿಕ್ ಆಮೇಲೆ ಸ್ಟುಟ್‌ಗಾರ್ಟ್‌ನಲ್ಲಿ ಹುಡುಗರ ತಂಡ ಕೊಟ್ಟ. 2021ರಲ್ಲಿ ಚೆಲ್ಸಿ ಜೊತೆ ಚಾಂಪಿಯನ್ಸ್ ಲೀಗ್ ಗೆದ್ದ. ಈ ಟೂಹೆಲ್ ಆಕ್ಸ್‌ಬರ್ಗ್ ಎರಡನೇ ತಂಡದ ಕೋಚ್ ಆಗಿದ್ದಾಗ ಅಲ್ಲಿ ಯೂಲಿಯಾನ್ ನಾಗೆಲ್ಸ್‌ಮನ್ ಅಂತ 20 ವರ್ಷದ ಹುಡುಗನ ಮಂಡಿ ಹೋಯಿತು. ಒಂದು ದೊಡ್ಡ ಪಂದ್ಯವನ್ನೂ ಆಡದವನು. ಟೂಹೆಲ್ ಅವನಿಗೆ ಹೇಳಿದ್ದು ಸಣ್ಣ ಕೆಲಸ: ಎದುರಾಳಿ ತಂಡಗಳ ಆಟ ನೋಡಿ ಬಂದು ನನಗೆ ಹೇಳು. 2016ರಲ್ಲಿ 28ನೇ ವಯಸ್ಸಿಗೆ ನಾಗೆಲ್ಸ್‌ಮನ್ ಜರ್ಮನಿಯ ಮೊದಲ ಹಂತದ ಲೀಗ್ ಬುಂಡೆಸ್‌ಲೀಗಾದ ಹೊಫನ್‌ಹೈಮ್ ತಂಡದ ಕೋಚ್. ತಂಡದಲ್ಲಿ ಅವನಿಗಿಂತ ದೊಡ್ಡವರಿದ್ದರು. ಕೇಳಿದರು. ಕೆಳಗಿಳಿಯಬೇಕಿದ್ದ ತಂಡ ಉಳಿಯಿತು. 2020ರ ಚಾಂಪಿಯನ್ಸ್ ಲೀಗ್ ಸೆಮಿಫೈನಲ್‌ನಲ್ಲಿ ಗುರು ಶಿಷ್ಯ ಎದುರಾದರು, ಟೂಹೆಲ್‌ನ ಪ್ಯಾರಿಸ್ ತಂಡ 3-0 ಗೆದ್ದಿತು. 2023ರಲ್ಲಿ ಬಾಯರ್ನ್ ಮ್ಯೂನಿಕ್ ನಾಗೆಲ್ಸ್‌ಮನ್‌ನನ್ನು ತೆಗೆದು ಕೂರಿಸಿದ್ದು ಯಾರನ್ನು ಅಂದುಕೊಂಡಿರಿ? ಟೂಹೆಲ್‌ನನ್ನೇ. ಎರಡು ಹಾಳಾದ ಮಂಡಿಗಳ ನಡುವೆ ಒಂದು ಕುರ್ಚಿ.

ನಮ್ಮಲ್ಲೂ ಇದ್ದಾರೆ. ಪಿ.ಕೆ. ಬ್ಯಾನರ್ಜಿ ಅವರು 1962ರ ಏಷ್ಯನ್ ಗೇಮ್ಸ್ ಚಿನ್ನ ಗೆದ್ದ ತಂಡದಲ್ಲಿದ್ದವರು. 1967ರಲ್ಲಿ ಗಾಯಗಳ ಕಾರಣ ನಿವೃತ್ತಿ ಹೊಂದಿದರು. ಆಮೇಲೆ ಕೋಲ್ಕತ್ತಾದ ದೊಡ್ಡ ಕ್ಲಬ್‌ಗಳಿಗೂ ಭಾರತ ತಂಡಕ್ಕೂ ಕೋಚ್ ಆಗಿ ಆಟಗಾರರ ಮುಂದೆ ಮಾತಾಡಿಯೇ ಪಂದ್ಯ ಗೆಲ್ಲಿಸುತ್ತಾರೆ ಅಂತ ಹೆಸರು ಪಡೆದರು.

ಈ ಎಲ್ಲರಲ್ಲೂ, ಬ್ಯಾನರ್ಜಿಯವರನ್ನು ಬಿಟ್ಟು, ಒಂದು ವಿಷಯ ಸಮಾನವಾಗಿದೆ. ಗಾಯ ಆದ ಮೇಲೆ ಯಾರೋ ಒಬ್ಬರು ಒಂದು ಸಣ್ಣ ಕೆಲಸ ಕೊಟ್ಟರು. ಹಾರ್ಡ್‌ವಿಕ್ ಹುಡುಗರ ತಂಡ ಕೊಟ್ಟ, ರಾಂಗ್ನಿಕ್ ಹುಡುಗರ ತಂಡ ಕೊಟ್ಟ, ಟೂಹೆಲ್ ಪಂದ್ಯ ನೋಡಿ ಬಾ ಅಂದ. ಯಾರೂ 'ನೀನು ಕೋಚ್ ಆಗು' ಅಂತ ಭಾಷಣ ಮಾಡಲಿಲ್ಲ. ಹಾಗಾಗಿ ಅಕ್ಕಾ, ನಿಮ್ಮ ತಮ್ಮ ಆಡುತ್ತಿದ್ದ ಕ್ಲಬ್ಬಿನ ಕೋಚ್‌ಗೆ ನೀವೇ ಒಂದು ಫೋನ್ ಮಾಡಿ. ಕೆಲಸ ಕೇಳಬೇಡಿ. ಭಾನುವಾರ ಬೆಳಿಗ್ಗೆ ಹದಿಮೂರರ ಒಳಗಿನ ಹುಡುಗರ ಜೊತೆ ಕೋನ್ ಇಡುವುದಕ್ಕೆ ಇವನನ್ನು ಕರೀರಿ ಅನ್ನಿ. ಇಲ್ಲ, ಮುಂದಿನ ಎದುರಾಳಿಯ ಎರಡು ಪಂದ್ಯ ನೋಡಿ ಬರೆದುಕೊಂಡು ಬಾ ಅನ್ನಲಿ. ಮನೆಯಲ್ಲಿ ಕೂತವನು ಮೈದಾನಕ್ಕೆ ಬರಲು ಒಂದು ನೆಪ ಬೇಕು. ತಾನಾಗಿ ಬರಲು ನಾಚಿಕೆ ಆಗುತ್ತೆ, ಜೊತೆಯವರು ಬೂಟು ಕಟ್ಟುವುದನ್ನು ನೋಡಬೇಕಲ್ಲ.

ಕುಡಿತ ಶುರುವಾಗಿದ್ದರೆ, ಅಥವಾ ಮೂರು ಹೊತ್ತೂ ಫೋನು ಹಿಡಿದು ಮಲಗಿದ್ದರೆ, ಅದನ್ನು ಸೋಮಾರಿತನ ಅಂದುಕೊಳ್ಳಬೇಡಿ. ಅದಕ್ಕೆ ಡಾಕ್ಟರ ಹತ್ತಿರ ಹೋಗುವುದು ಮಂಡಿಗೆ ಹೋಗುವಷ್ಟೇ ಸಹಜ.

ಕೋರ್ಸ್ ಬಗ್ಗೆ. ಅಖಿಲ ಭಾರತ ಫುಟ್‌ಬಾಲ್ ಫೆಡರೇಷನ್ನಿನ ಡಿ ಲೈಸೆನ್ಸ್‌ನಿಂದ ಶುರು ಮಾಡಬಹುದು, ಆಮೇಲೆ ಸಿ, ಬಿ, ಎ, ಪ್ರೊ. ರಾಜ್ಯ ಸಂಸ್ಥೆಯಲ್ಲಿ ವಿಚಾರಿಸಿದರೆ ಮುಂದಿನ ಕೋರ್ಸ್ ಯಾವಾಗ ಅಂತ ಹೇಳುತ್ತಾರೆ. ಆದರೆ ಅದಕ್ಕೂ ಮುಂಚೆ ನಾಲ್ಕೈದು ತಿಂಗಳು ಹುಡುಗರ ಜೊತೆ ಇರಲಿ. ಹುಡುಗರನ್ನು ಕಂಡರೆ ಆಗದವನು ಸರ್ಟಿಫಿಕೇಟು ಹಿಡಿದುಕೊಂಡು ಏನು ಮಾಡುತ್ತಾನೆ?

ಕೋರ್ಸಿನಲ್ಲಿ ಪ್ರಾಕ್ಟಿಕಲ್ ಇರುತ್ತೆ, ಮೈದಾನದಲ್ಲಿ ಆಟಗಾರರನ್ನು ಇಟ್ಟುಕೊಂಡು ಒಂದು ಸೆಷನ್ ಮಾಡಿ ತೋರಿಸಬೇಕು. ನನ್ನ ಮಂಡಿ ಬಗ್ಗುವುದಿಲ್ಲ, ಹೇಗೆ ತೋರಿಸಲಿ ಅಂತ ಹುಡುಗರು ಹೆದರುತ್ತಾರೆ. ಇಬ್ಬರು ಮೂವರಿಗೆ ನಾನು ಇದನ್ನೇ ಹೇಳಿದ್ದೇನೆ. ಒದೆಯುವುದನ್ನು ನೀನೇ ಮಾಡಿ ತೋರಿಸಬೇಕಿಲ್ಲ. ತಂಡದಲ್ಲಿ ಚೆನ್ನಾಗಿ ಒದೆಯುವ ಒಬ್ಬ ಹುಡುಗನನ್ನು ಕರೆ, ಅವನ ಪಕ್ಕ ನಿಂತುಕೋ, ಅವನ ನಿಂತ ಕಾಲು ಚೆಂಡಿನಿಂದ ಎಷ್ಟು ದೂರ ಇದೆ ಅಂತ ಬೆರಳು ತೋರಿಸಿ ಹೇಳು. ಎಲ್ಲರೂ ಆ ಕಾಲನ್ನೇ ನೋಡುತ್ತಾರೆ. ನಿನ್ನ ಮಂಡಿಯನ್ನು ಯಾರೂ ನೋಡಲ್ಲ.